ಇಳಕಲ್‌ನ ಕಲ್ಲುಮನೆಗೆ ಮಾಳಿಗೆ ಮೇಲಿನ 4ಜಿ ರೌಟರ್: ಕೊಟ್ಟ ದುಡ್ಡಿಗೆ ಬಂತಾ?

ಮೊದಲೇ ಹೇಳಿಬಿಡುತ್ತೇನೆ. ಡಬ್ಬಿಗೆ ಐದರಲ್ಲಿ ಮೂರೂವರೆ ಸ್ಟಾರ್. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ 300 ಎಂಬಿಪಿಎಸ್ ಸ್ಪೀಡ್ ಅನ್ನೋ ಮಾತಿಗೆ ಸೊನ್ನೆ. ಅದರ ಹಿಂದೆ ನಾವು ಜೋಡಿಸಿದ ಹಳೆ ವೈಫೈ ರೌಟರ್ ಮತ್ತು ಅದರೊಳಗೆ ಹಾಕಿದ ಬಿಟ್ಟಿ ಸಾಫ್ಟ್‌ವೇರ್ ಇದೆಯಲ್ಲ, ಅದಕ್ಕೆ ಐದಕ್ಕೆ ಐದು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕಂದ್ರೆ ಇಂಥ ಡಬ್ಬಿಗಳ ಕೆಳಗೆ "ಸೂಪರ್ ಪ್ರಾಡಕ್ಟ್" ಇಲ್ಲಾಂದ್ರೆ "ವೇಸ್ಟ್, ತಗೋಬೇಡಿ" ಇವೆರಡೇ ಕಾಣುತ್ತವೆ. ಎರಡರಿಂದಲೂ ಯಾರಿಗೂ ಏನೂ ತಿಳಿಯುವುದಿಲ್ಲ.

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಒಂದೇ ಡಬ್ಬಿ ಬೇರೆ ಬೇರೆ ಸ್ಟಿಕರ್ ಹಚ್ಚಿಕೊಂಡು ಬರುತ್ತದೆ, ಒಳಗಿನ ಮೆನು ಕೂಡ ಅದೇ. ಹೀಗೆ ಗುರುತಿಸಿ: ಹೊರಗೆ ಕಂಬಕ್ಕೆ ಕಟ್ಟುವಂಥದ್ದು, ಬಿಳಿ ಪ್ಲಾಸ್ಟಿಕ್, ಕೆಳಗಡೆ ಸಿಮ್ ಹಾಕುವ ಬಾಯಿ, ಅದಕ್ಕೆ ರಬ್ಬರ್ ಮುಚ್ಚಳ, ಆಂಟೆನಾ ಒಳಗೇ ಇದೆ. ಕರೆಂಟು ಮತ್ತು ಡೇಟಾ ಎರಡೂ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುತ್ತವೆ. 4ಜಿ ಮಾತ್ರ, 5ಜಿ ಇಲ್ಲ. ನಮಗೆ ಬಿದ್ದಿದ್ದು 5,800 ರೂಪಾಯಿ, ಕಂಬ, ಕ್ಲ್ಯಾಂಪು, ಕೇಬಲ್ ಬೇರೆ.

ಮನೆ ಇರುವುದು ಇಳಕಲ್‌ನ ಹಳೆ ಓಣಿಯಲ್ಲಿ. ಊರ ಸುತ್ತ ಗ್ರಾನೈಟ್ ಕ್ವಾರಿ, ಹಾಗಾಗಿ ನಮ್ಮ ಹಿರಿಯರು ಗೋಡೆಗೆ ಕಲ್ಲು ಹಾಕುವಾಗ ಕೈ ಹಿಡಿದಿಲ್ಲ. ಕೆಲವು ಕಡೆ ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ತಂಪು, ಅದೆಲ್ಲ ಸರಿ. ಆದರೆ ಪಡಸಾಲೆಗೆ ಕಾಲಿಟ್ಟರೆ ಫೋನ್‌ನಲ್ಲಿ ಒಂದೇ ಕಡ್ಡಿ. ಹೊರಗೆ ಕಟ್ಟೆ ಮೇಲೆ ಕೂತರೆ ನೆಟ್ ಓಡುತ್ತದೆ, ಒಳಗೆ ಬಂದರೆ ಸುಮ್ನೆ ಗುಂಡಗೆ ತಿರುಗುತ್ತಾ ಇರುತ್ತದೆ.

ಇಷ್ಟೇ ಆಗಿದ್ದರೆ ಕಟ್ಟೆ ಮೇಲೇ ಕೂತು ರೀಲ್ಸ್ ನೋಡಿಕೊಂಡು ಇರುತ್ತಿದ್ದೆವು. ತೊಂದರೆ ಇರುವುದು ವ್ಯಾಪಾರದಲ್ಲಿ. ನಮ್ಮ ವೈನಿ (ಅತ್ತಿಗೆ) ಮನೆಯಿಂದಲೇ ಸೀರೆ ಮಾರುತ್ತಾರೆ. ಗಿರಾಕಿಗಳು ಬಹಳಷ್ಟು ಪುಣೆ, ಹುಬ್ಬಳ್ಳಿ, ಬೆಂಗಳೂರು ಕಡೆಯವರು, ಎಲ್ಲ ವಿಡಿಯೋ ಕಾಲ್ ಮೇಲೆಯೇ. "ಅಕ್ಕಾರ, ಸೆರಗ ಸ್ವಲ್ಪ ಹತ್ರ ಹಿಡೀರಿ" ಅಂತಾರೆ. ಇಳಕಲ್ ಸೀರೆಯಲ್ಲಿ ನೋಡಬೇಕಾದದ್ದೇ ಅದು. ಕೆಂಪು ರೇಷ್ಮೆ ಮೇಲೆ ಬಿಳಿ ತೆನೆ ಎದ್ದು ಕಾಣುವ ತೋಪು ತೆನಿ ಸೆರಗು, ಒಡಲಿಗೂ ಸೆರಗಿಗೂ ಎಳೆ ಎಳೆ ಕೊಂಡಿ ಹಾಕಿ ಜೋಡಿಸಿದ ಗೆರೆ. ವೈನಿ ಸೆರಗನ್ನು ಕ್ಯಾಮೆರಾ ಹತ್ತಿರ ತಂದ ಕೂಡಲೇ ಚಿತ್ರ ಒಡೆಯುತ್ತಿತ್ತು. ಬಿಳಿ ತೆನೆ ಕೆಂಪಿನಲ್ಲಿ ಕಲಸಿ ಹೋಗಿ ಗುಲಾಬಿ ಕಲೆ ತರ ಕಾಣುತ್ತಿತ್ತು, ಸಣ್ಣ ಚೌಕಳಿ ಅಂತೂ ಬರೀ ಬೂದಿ ಬಣ್ಣ. ಅಪ್‌ಲೋಡ್ ಸಾಲದೇ ಹೋದಾಗ ವಿಡಿಯೋ ಆ್ಯಪ್ ಮೊದಲು ಬಲಿ ಕೊಡುವುದೇ ಸಣ್ಣ ಸಣ್ಣ ವಿವರವನ್ನು. ನಮಗೆ ಮಾರಬೇಕಾದದ್ದೂ ಅದೇ ವಿವರ, ಅಲ್ವಾ.

ಫೈಬರ್ ಯಾಕಿಲ್ಲ ಅಂತ ಕೇಳುತ್ತೀರಿ. ದೊಡ್ಡ ರಸ್ತೆಗೆ ಬಂದಿದೆ. ನಮ್ಮ ಓಣಿಗೆ ತರಲು ಒಪ್ಪಿದವರು ಬಂದು ನೋಡಿ ಹೋದವರು ಮತ್ತೆ ಬರಲಿಲ್ಲ. ಹಿಂದಿನ ಓಣಿಯಲ್ಲಿ ಇದ್ದವರದು ರಸ್ತೆ ಅಗೆದಾಗಲೆಲ್ಲ ಕಡಿದು ಹೋಗುತ್ತದೆ. ಫೈಬರ್ ಸಿಗುವವರು ಕಣ್ಣು ಮುಚ್ಚಿಕೊಂಡು ಫೈಬರ್ ಹಾಕಿಸಿ, ಈ ರಿವ್ಯೂ ನಿಮಗಲ್ಲ.

ಈಗ ಡಬ್ಬಿ ಮೇಲಿನ ಸುಳ್ಳಿನ ಬಗ್ಗೆ. ಸುಳ್ಳು ಅಂದರೆ ಪೂರ್ತಿ ಸುಳ್ಳೂ ಅಲ್ಲ, ಅದೇ ಅದರ ಚಾಲಾಕಿ. 300 ಎಂಬಿಪಿಎಸ್ ಅನ್ನುವುದು ವೈಫೈ ಲೆಕ್ಕ. ಅಂದರೆ ಡಬ್ಬಿಯಿಂದ ನಿಮ್ಮ ಫೋನ್‌ವರೆಗಿನ ಹತ್ತು ಅಡಿಯ ಲೆಕ್ಕ, ಅದೂ ಕಾಗದದ ಮೇಲೆ. ಟವರ್‌ನಿಂದ ಡಬ್ಬಿವರೆಗಿನ ಲೆಕ್ಕ ಬೇರೆ. ಒಳಗಿರುವುದು ಕೆಟಗರಿ 4 ಮೋಡೆಮ್, ಅಂದರೆ ಟವರ್ ಜೊತೆ ಮಾತಾಡುವ ಭಾಗ. ಅದರ ಗರಿಷ್ಠ ಮಿತಿ ಡೌನ್‌ಲೋಡ್ 150, ಅಪ್‌ಲೋಡ್ 50. ಅದೂ ಕಂಪನಿ 20 ಮೆಗಾಹರ್ಟ್ಜ್ ಅಗಲದ ರೇಡಿಯೋ ಅಲೆಗಳ ಪಟ್ಟಿಯನ್ನು ಪೂರ್ತಿ ಬಿಟ್ಟಿದ್ದರೆ, ಟವರ್ ಕಣ್ಣೆದುರಿಗಿದ್ದರೆ, ನೀವೊಬ್ಬರೇ ಬಳಸುತ್ತಿದ್ದರೆ. 10 ಮೆಗಾಹರ್ಟ್ಜ್ ಇದ್ದರೆ ಅರ್ಧ. ಇಷ್ಟಾದ ಮೇಲೆ ಹಿಂದುಗಡೆ ಇರುವ ನೆಟ್‌ವರ್ಕ್ ಪೋರ್ಟು 100 ಎಂಬಿಪಿಎಸ್‌ನದು! 300 ಒಳಗೆ ಬಂದರೂ ಕೇಬಲ್‌ನಲ್ಲಿ ಇಳಿಯಲು ದಾರಿ ಇಲ್ಲ. ಕೊಳ್ಳುವಾಗ ದಪ್ಪಕ್ಷರ ಬಿಟ್ಟು ಕೆಳಗೆ ಸಣ್ಣದಾಗಿ ಬರೆದ ಕೆಟಗರಿ ಸಂಖ್ಯೆ ಓದಿ. ಕೆಟಗರಿ 6 ಆದರೆ ಇಂಥ ಎರಡು ಪಟ್ಟಿ ಕೂಡಿಸಿಕೊಂಡು ಡೌನ್‌ಲೋಡ್ 300ರವರೆಗೆ ಹೋಗಬಲ್ಲದು, ಅಪ್‌ಲೋಡ್ ಮಾತ್ರ ಅದರಲ್ಲೂ 50. ನಮಗೆ ಬೇಕಾದದ್ದು ಅಪ್‌ಲೋಡ್, ಹಾಗಾಗಿ ಕೆಟಗರಿ 6ಕ್ಕೆ ಜಾಸ್ತಿ ದುಡ್ಡು ಹಾಕಲಿಲ್ಲ.

ಅಪ್‌ಲೋಡ್ ಯಾಕೆ ಮೊದಲು ಸೋಲುತ್ತದೆ ಅನ್ನುವುದು ಈ ಕತೆಯ ಮುಖ್ಯ ಭಾಗ. ಟವರ್ ಇಪ್ಪತ್ತು ನಲವತ್ತು ವಾಟ್ ಶಕ್ತಿಯಲ್ಲಿ ಕಳಿಸುತ್ತದೆ. ನಿಮ್ಮ ಫೋನ್ ಹೆಚ್ಚೆಂದರೆ 200 ಮಿಲಿವಾಟ್. ಗೌಡರು ಧ್ವನಿವರ್ಧಕದಲ್ಲಿ ಮಾತಾಡಿದ್ದು ಊರಿಗೆಲ್ಲ ಕೇಳುತ್ತದೆ, ಹಿಂದಿನ ಸಾಲಿನವರು ಉತ್ತರ ಕೊಟ್ಟಿದ್ದು ಗೌಡರಿಗೆ ಕೇಳಬೇಕಲ್ಲ? ಫೋನ್‌ನಲ್ಲಿ ಕಾಣುವ ಕಡ್ಡಿ ಬರೀ ಟವರ್‌ನ ಧ್ವನಿ ನಮಗೆಷ್ಟು ಕೇಳಿಸಿತು ಅನ್ನುವುದನ್ನು ತೋರಿಸುತ್ತದೆ, ನಮ್ಮ ಧ್ವನಿ ಅಲ್ಲಿಗೆ ಮುಟ್ಟಿತೋ ಇಲ್ಲವೋ ಅದು ಹೇಳುವುದಿಲ್ಲ. ಅದಕ್ಕೇ ಯೂಟ್ಯೂಬ್ ಚೆನ್ನಾಗಿ ಓಡುತ್ತಿರುವಾಗಲೇ ವಿಡಿಯೋ ಕಾಲ್ ಒದ್ದಾಡುತ್ತದೆ. ಎರಡು ಅಡಿ ಕಲ್ಲು ಗೋಡೆ ನಡುವೆ ಬಂದರೆ ಕೇಳುವುದೇ ಬೇಡ. ಮಾಳಿಗೆ ಮೇಲೆ ಡಬ್ಬಿ ಕೂರಿಸುವುದರ ನಿಜವಾದ ಲಾಭ ಇಲ್ಲಿದೆ. ಗೋಡೆ ಹೋಯಿತು, ಎತ್ತರ ಬಂತು, ಮತ್ತೆ ಒಳಗಿನ ಆಂಟೆನಾ ಎಲ್ಲಾ ದಿಕ್ಕಿಗೂ ಚೆಲ್ಲದೇ ಒಂದು ಕಡೆಗೆ ಮುಖ ಮಾಡಿ ಕಳಿಸುತ್ತದೆ.

ಕೂರಿಸಲು ಟಿವಿ ಕೇಬಲ್ ಕೆಲಸ ಮಾಡುವ ಹುಡುಗನನ್ನು ಕರೆಸಿದ್ದೆವು. ಹುಡುಗ ಒಳ್ಳೆಯವನು, ಆದರೆ ಡಿಶ್ ಕೂರಿಸಿದ ಹಾಗೆ ಕಡ್ಡಿ ಜಾಸ್ತಿ ಬಂದ ಕಡೆ ಬಿಗಿ ಮಾಡಿ ಇಳಿಯಲು ಹೊರಟಿದ್ದ. ತಡೆದೆ. ರೌಟರ್‌ನ ಪೇಜ್‌ನಲ್ಲಿ ಎರಡು ಸಂಖ್ಯೆ ಸಿಗುತ್ತವೆ. ಆರ್‌ಎಸ್‌ಆರ್‌ಪಿ ಅಂದರೆ ಸಿಗ್ನಲ್ ಎಷ್ಟು ಜೋರು. ಅದು ಮೈನಸ್‌ನಲ್ಲಿರುತ್ತದೆ, ಮೈನಸ್ 80 ಚೆನ್ನ, ಮೈನಸ್ 110 ದಾಟಿದರೆ ಕಷ್ಟ. ಎಸ್‌ಐಎನ್‌ಆರ್ ಅಂದರೆ ಆ ಸಿಗ್ನಲ್ ಎಷ್ಟು ಶುದ್ಧ, ಅಕ್ಕಪಕ್ಕದ ಟವರ್‌ಗಳ ಗದ್ದಲಕ್ಕಿಂತ ಎಷ್ಟು ಮೇಲಿದೆ ಅನ್ನುವುದು. 20 ಇದ್ದರೆ ಹಬ್ಬ, ಸೊನ್ನೆ ಹತ್ತಿರ ಬಂದರೆ ಎಷ್ಟು ಜೋರಿದ್ದರೂ ಪ್ರಯೋಜನವಿಲ್ಲ. ಪಡಸಾಲೆಯಲ್ಲಿ ಫೋನ್‌ಗೆ ಮೈನಸ್ 113 ಇದ್ದದ್ದು ಮಾಳಿಗೆ ಮೇಲೆ ಡಬ್ಬಿಗೆ ಮೈನಸ್ 92 ಆಯಿತು. ಅಲ್ಲಿಗೆ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಆದರೆ ಎಸ್‌ಐಎನ್‌ಆರ್ ಬರೀ 4 ಇತ್ತು. ಡಬ್ಬಿಯ ಮುಖ ಎರಡು ಟವರ್‌ಗಳ ನಡುವೆ ಇತ್ತು, ಎರಡರದ್ದೂ ಕೇಳಿಸಿಕೊಂಡು ಗೊಂದಲ. ಹೆದ್ದಾರಿ ಕಡೆಯ ಟವರ್ ಕಡೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದೆವು. ಒಂದು ಹಂತದಲ್ಲಿ ಆರ್‌ಎಸ್‌ಆರ್‌ಪಿ ಮೈನಸ್ 94ಕ್ಕೆ ಇಳಿಯಿತು, ಎಸ್‌ಐಎನ್‌ಆರ್ 15ಕ್ಕೆ ಏರಿತು. ಹುಡುಗ "ಸರ್, ಸಿಗ್ನಲ್ ಕಮ್ಮಿ ಆತಲ್ರಿ" ಅಂದ. ಅಪ್‌ಲೋಡ್ ಮಾತ್ರ ಮೂರರಿಂದ ಹತ್ತರ ಮೇಲೆ ಹೋಗಿತ್ತು. ತಿರುಗಿಸಿ ಒಂದು ನಿಮಿಷ ಬಿಡಬೇಕು, ಸಂಖ್ಯೆ ನಿಲ್ಲುವವರೆಗೆ. ಗಡಿಬಿಡಿ ಮಾಡಿದರೆ ತಿಳಿಯುವುದಿಲ್ಲ.

ಡಬ್ಬಿಯ ಮೆಚ್ಚಬೇಕಾದ ಗುಣ ಇನ್ನೊಂದು: ಬ್ಯಾಂಡ್ ಲಾಕ್. ಮೆನುವಿನಲ್ಲಿ ಆಳದಲ್ಲಿ ಅಡಗಿಸಿ ಇಟ್ಟಿದ್ದಾರೆ, ಇದೆ ಅನ್ನುವುದೇ ಪುಣ್ಯ. 4ಜಿ ಅಂದರೆ ಒಂದೇ ಅಲೆ ಅಲ್ಲ, ಬೇರೆ ಬೇರೆ ಅಲೆಗಳ ಪಟ್ಟಿ ಇವೆ. ಅವಕ್ಕೇ ಬ್ಯಾಂಡ್ ಅನ್ನುವುದು, ಡಬ್ಬಿಯನ್ನು ಬೇಕಾದ ಒಂದಕ್ಕೇ ಕಟ್ಟಿಹಾಕುವುದು ಲಾಕ್. ಜಿಯೋದ 4ಜಿ 850, 1800 ಮತ್ತು 2300 ಮೆಗಾಹರ್ಟ್ಜ್‌ಗಳಲ್ಲಿ ಇದೆ, ಅಂದರೆ ಬ್ಯಾಂಡ್ 5, 3 ಮತ್ತು 40. ಏರ್‌ಟೆಲ್‌ನವರದ್ದೂ 1800 ಮತ್ತು 2300 ಎರಡೂ ಇವೆ, ಬೇರೆಯವೂ ಇವೆ. 850 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಪಟ್ಟಿ ಕಿರಿದು. 2300 ಅಗಲ, ಆದರೆ ಗೋಡೆ ಕಂಡರೆ ಹೆದರುತ್ತದೆ. ಅದಕ್ಕಿಂತ ಮುಖ್ಯ ವಿಷಯ, 2300ರಲ್ಲಿ ಡೌನ್‌ಲೋಡ್ ಅಪ್‌ಲೋಡ್ ಎರಡಕ್ಕೂ ಒಂದೇ ಪಟ್ಟಿ. ಸಮಯ ಹಂಚಿಕೊಂಡು ಓಡುತ್ತವೆ, ಪಾಲು ಮಾಡುವಾಗ ದೊಡ್ಡ ಪಾಲು ಡೌನ್‌ಲೋಡ್‌ಗೆ. ಜನ ನೋಡುವುದೇ ಜಾಸ್ತಿ, ಕಳಿಸುವುದು ಕಮ್ಮಿ ಅನ್ನುವ ಲೆಕ್ಕ. 1800ರಲ್ಲಿ ಅಪ್‌ಲೋಡ್‌ಗೆ ಬೇರೆಯೇ ಪಟ್ಟಿ ಇದೆ. ಡಬ್ಬಿಯನ್ನು ಅದರ ಪಾಡಿಗೆ ಬಿಟ್ಟರೆ ಬ್ಯಾಂಡ್ 40 ಹಿಡಿಯುತ್ತಿತ್ತು, ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ 60 ತೋರಿಸಿ ಮರುಳು ಮಾಡುತ್ತಿತ್ತು. ಬ್ಯಾಂಡ್ 3ಕ್ಕೆ ಲಾಕ್ ಮಾಡಿದ ಮೇಲೆ ಡೌನ್‌ಲೋಡ್ 35ಕ್ಕೆ ಬಂತು, ಅಪ್‌ಲೋಡ್ 14 ಆಯಿತು. ಸೀರೆ ತೋರಿಸುವವರಿಗೆ ಇದೇ ಲಾಭದ ವ್ಯಾಪಾರ. ನಿಮ್ಮ ಊರಲ್ಲಿ ಉಲ್ಟಾ ಆಗಬಹುದು, ಲಾಕ್ ಮಾಡಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ನೋಡಿ.

ಬಿಎಸ್‌ಎನ್‌ಎಲ್ ಸಿಮ್ ಹಾಕುವ ಯೋಚನೆ ಇದ್ದರೆ ಡಬ್ಬಿ ಕೊಳ್ಳುವ ಮೊದಲೇ ಅದರಲ್ಲಿ ಯಾವ್ಯಾವ ಬ್ಯಾಂಡ್ ಇವೆ ಅಂತ ಓದಿ. ಅವರ 4ಜಿ 700 ಮತ್ತು 2100ರಲ್ಲಿ ಬರುತ್ತಿದೆ, ಅಂದರೆ ಬ್ಯಾಂಡ್ 28 ಮತ್ತು 1. ಅಗ್ಗದ ಡಬ್ಬಿಗಳಲ್ಲಿ 28 ಇಲ್ಲದಿರುವುದೇ ಹೆಚ್ಚು. ನಮ್ಮದರಲ್ಲೂ ಇಲ್ಲ. ಹಳ್ಳಿ ಕಡೆ, ತೋಟದ ಮನೆಗೆ ಹಾಕುವವರಿಗೆ ದೂರ ಮುಟ್ಟುವ 700 ಬಹಳ ಬೇಕಾಗುತ್ತದೆ.

ಇಷ್ಟೆಲ್ಲ ಆಗಿ, ಅಪ್‌ಲೋಡ್ 14 ಬಂದ ಮೇಲೂ ವಿಡಿಯೋ ಕಾಲ್ ಒಡೆಯುವುದು ನಿಲ್ಲಲಿಲ್ಲ. ಡಬ್ಬಿ ರಿವ್ಯೂ ಬರೆಯುವ ಬಹಳ ಜನ ಇಲ್ಲಿಗೇ ಸುಸ್ತಾಗಿ ಒಂದು ಸ್ಟಾರ್ ಕೊಟ್ಟು ಹೋಗಿರುತ್ತಾರೆ. ಕಾಲ್ ಚೆನ್ನಾಗಿ ಶುರುವಾಗುವುದು, ಸ್ವಲ್ಪ ಹೊತ್ತಿಗೆ ಗಿರಾಕಿಯ ಮಾತು ನಮಗೆ ತಡವಾಗಿ ಬರುವುದು, ಆಮೇಲೆ ಚಿತ್ರ ನಿಂತೇ ಬಿಡುವುದು. ಕಾರಣ ಮನೆಯಲ್ಲೇ ಇತ್ತು. ವೈಫೈ ಬಂದ ಖುಷಿಗೆ ಮನೆಯ ಎಲ್ಲರ ಫೋನೂ ಅದಕ್ಕೆ ಸೇರಿಕೊಂಡವು. ಫೋನ್‌ಗಳಿಗೆ ಒಂದು ಚಟ ಇದೆ, ವೈಫೈ ಸಿಕ್ಕ ಕೂಡಲೇ ಫೋಟೋ ಬ್ಯಾಕಪ್ ಶುರು ಮಾಡುತ್ತವೆ. ಅಣ್ಣನ ಮಗಳ ಫೋನಲ್ಲಿ ಬನಶಂಕರಿ ಜಾತ್ರೆಯ ವಿಡಿಯೋ ರಾಶಿ ಬಿದ್ದಿತ್ತು. ಅದೆಲ್ಲ ಒಟ್ಟಿಗೆ ಮೇಲೆ ಹೋಗಲು ನುಗ್ಗುತ್ತಿತ್ತು.

ನುಗ್ಗಿದರೆ ಏನಾಗುತ್ತದೆ? ಡೇಟಾ ಬಿದ್ದು ಹೋಗುವುದಿಲ್ಲ, ಸಾಲಿನಲ್ಲಿ ನಿಲ್ಲುತ್ತದೆ. ಮೋಡೆಮ್ ಒಳಗೆ ಒಂದು ದೊಡ್ಡ ಗೋದಾಮು ಇದೆ, ಟವರ್ ಕಡೆಯೂ ಇದೆ. ವೈನಿಯ ಕಾಲ್‌ನ ಪುಟ್ಟ ಪ್ಯಾಕೆಟ್ (ಡೇಟಾದ ತುಂಡು) ಕೂಡ ಜಾತ್ರೆ ವಿಡಿಯೋದ ಹಿಂದೆ ಅದೇ ಸಾಲಲ್ಲಿ ನಿಲ್ಲಬೇಕು. ಯಾರೂ ಏನೂ ಮಾಡದಿದ್ದಾಗ ಪಿಂಗ್, ಅಂದರೆ ಒಂದು ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು, 40 ಮಿಲಿಸೆಕೆಂಡ್ ಆಸುಪಾಸು. ಬ್ಯಾಕಪ್ ನಡೆಯುವಾಗ 900 ದಾಟುತ್ತಿತ್ತು. ಅಂದರೆ ಒಂದು ಮಾತು ಆಡಿದರೆ ಹತ್ತಿರ ಹತ್ತಿರ ಒಂದು ಸೆಕೆಂಡ್ ತಡ. ಸ್ಪೀಡ್ 14 ಇದೆ, ಆದರೂ ಮಾತಾಡಲಾಗುವುದಿಲ್ಲ. ವೆಬ್ ಪೇಜ್‌ಗೂ ಇದೇ ಪಾಡು. ಒಂದು ಪೇಜ್ ತೆರೆಯಲು ಮೊದಲು ಆ ಕಡೆಯ ಸರ್ವರ್ ಜೊತೆ ಎರಡು ಮೂರು ಸಲ ಹೋಗಿ ಬರುವ ಮಾತುಕತೆ ಆಗಬೇಕು, ಪ್ರತಿ ಸಲವೂ ಒಂದು ಸೆಕೆಂಡ್ ಅಂದರೆ ಪೇಜ್ ಬೆಳ್ಳಗೇ ನಿಂತಿರುತ್ತದೆ.

ಈ ಕಾಯಿಲೆಗೆ ಬಫರ್‌ಬ್ಲೋಟ್ ಅಂತಾರೆ. ಜಿಮ್ ಗೆಟಿಸ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಮರ್ 2010ರ ಹೊತ್ತಿಗೆ ತಮ್ಮ ಮನೆ ನೆಟ್‌ನಲ್ಲೇ ಇದನ್ನು ಕಂಡು ಎಲ್ಲರಿಗೂ ಹೇಳಿ ಓಡಾಡಿದರು. ಬೇರು ಇನ್ನೂ ಹಳೆಯದು. 1986ರಲ್ಲಿ ಅಮೆರಿಕದಲ್ಲಿ ಆಗಿನ ಇಂಟರ್ನೆಟ್ ಒಮ್ಮೆ ಕುಸಿದಿತ್ತು. ಬರ್ಕ್‌ಲಿ ಊರಿನ ಲ್ಯಾಬಿನಿಂದ ಪಕ್ಕದ ವಿಶ್ವವಿದ್ಯಾಲಯಕ್ಕೆ 32 ಕೆಬಿಪಿಎಸ್ ಇದ್ದದ್ದು 40 ಬಿಪಿಎಸ್‌ಗೆ ಬಂದಿತ್ತು. ನೆಟ್‌ವರ್ಕ್ ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ ಕೊಟ್ಟ ಉಪಾಯ ಸರಳ: ಪ್ಯಾಕೆಟ್ ಕಳೆದು ಹೋದರೆ ದಾರಿ ತುಂಬಿದೆ ಅಂತ ತಿಳಿದು ನಿಧಾನ ಮಾಡು. ಮೊಬೈಲ್ ನೆಟ್‌ನಲ್ಲಿ ಈ ಉಪಾಯ ತಲೆಕೆಳಗಾಗುತ್ತದೆ. ಗಾಳಿಯಲ್ಲಿ ಕಳೆದು ಹೋದ ಪ್ಯಾಕೆಟ್‌ಅನ್ನು ಟವರ್ ಮತ್ತು ಮೋಡೆಮ್ ತಮ್ಮೊಳಗೇ ಮತ್ತೆ ಕಳಿಸಿಕೊಂಡು ಮುಚ್ಚಿಬಿಡುತ್ತವೆ, ಉಳಿದದ್ದನ್ನು ಗೋದಾಮು ನುಂಗುತ್ತದೆ. ಕಳಿಸುವವನಿಗೆ ಏನೂ ಕಳೆದಂತೆ ಕಾಣುವುದಿಲ್ಲ, ಹಾಗಾಗಿ ಅವನು ತುಂಬುತ್ತಲೇ ಇರುತ್ತಾನೆ. ಅದೇ ಜೇಕಬ್ಸನ್ 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ಕೋಡೆಲ್ ಅನ್ನುವ ಮದ್ದು ತಂದರು. ಸಾಲು ಎಷ್ಟು ಉದ್ದ ಇದೆ ಅಂತ ನೋಡುವುದಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುವುದು. ಕಾಯುವುದು ಜಾಸ್ತಿ ಆದರೆ ಒಂದನ್ನು ಬೇಕಂತಲೇ ಬೀಳಿಸಿ ಕಳಿಸುವವನಿಗೆ ಸುಳಿವು ಕೊಡುವುದು.

ನಾವು ಕೊಂಡ ಡಬ್ಬಿಯಲ್ಲಿ ಈ ಮದ್ದು ಇಲ್ಲ. ಒಂದೂವರೆ ಸ್ಟಾರ್ ಕಳೆದದ್ದರಲ್ಲಿ ಒಂದು ಇದಕ್ಕೆ. ಯಾವ ಡೇಟಾಗೆ ಮೊದಲ ಮಣೆ ಅಂತ ನೋಡಿಕೊಳ್ಳಬೇಕಾದ "ಕ್ಯೂಒಎಸ್" ಅಂತ ಒಂದು ಬಟನ್ ಇದೆ, ಒತ್ತಿದರೆ ಎಲ್ಲರ ಸ್ಪೀಡೂ ಸಮನಾಗಿ ಕಮ್ಮಿ ಆಗುತ್ತದೆ, ಪಿಂಗ್ ಹಾಗೇ ಇರುತ್ತದೆ. ಸುಮ್ನೆ ಮೆನು ತುಂಬಿಸಲು ಇಟ್ಟಿದ್ದಾರೆ.

ಹಾಗಾಗಿ ಡಬ್ಬಿಯ ವೈಫೈ ಬಂದ್ ಮಾಡಿ, ಕೇಬಲ್ ಕೆಳಗಿಳಿಸಿ, ಮನೆಯಲ್ಲಿ ಧೂಳು ಹಿಡಿದು ಕೂತಿದ್ದ ಹಳೆ ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿದೆ. ಇದು ರೌಟರ್‌ಗಾಗಿ ಮಾಡಿದ ಲಿನಕ್ಸ್ (ಬಿಟ್ಟಿ ಆಪರೇಟಿಂಗ್ ಸಿಸ್ಟಮ್), 2004ರಿಂದ ಇದೆ, ಒಂದು ಪೈಸೆ ಕೊಡಬೇಕಿಲ್ಲ. ಎಲ್ಲ ರೌಟರ್‌ಗೂ ಕೂರುವುದಿಲ್ಲ, ಅವರ ವೆಬ್‌ಸೈಟ್‌ನಲ್ಲಿ ನಿಮ್ಮ ಮಾಡೆಲ್ ಇದೆಯಾ ಅಂತ ಮೊದಲು ನೋಡಿ. ಮಾಡೆಲ್ ಮಾತ್ರ ಅಲ್ಲ, ಅಡಿಯಲ್ಲಿ ವಿ1, ವಿ2 ಅಂತ ಇರುತ್ತಲ್ಲ, ಅದನ್ನೂ. ಅದರಲ್ಲಿ ಸಾಲು ಸಂಭಾಳಿಸುವ ಎಸ್‌ಕ್ಯೂಎಂ ಅನ್ನುವ ಪ್ಯಾಕೇಜ್ ಹಾಕಿ, ಕೋಡೆಲ್ ಜಾತಿಯದೇ ಆದ ಕೇಕ್ ಅನ್ನುವ ಪದ್ಧತಿ ಆರಿಸಿದೆ. ಕೇಕ್‌ನ ಮುಖ್ಯ ಕೆಲಸ ಎರಡು. ಒಬ್ಬೊಬ್ಬರ ಡೇಟಾಗೂ ಬೇರೆ ಬೇರೆ ಸಾಲು ಮಾಡುವುದು, ಸರದಿ ಪ್ರಕಾರ ಒಂದೊಂದೇ ಬಿಡುವುದು. ಜಾತ್ರೆ ವಿಡಿಯೋ ತನ್ನ ಸಾಲಲ್ಲಿ ಎಷ್ಟು ಬೇಕಾದರೂ ನಿಲ್ಲಲಿ, ವೈನಿಯ ಕಾಲ್‌ಗೆ ಅದರ ಕಾಟ ಇಲ್ಲ.

ಒಂದು ಷರತ್ತಿದೆ. ಸಾಲು ನಮ್ಮ ರೌಟರ್‌ನಲ್ಲೇ ಆಗಬೇಕು, ಮೋಡೆಮ್‌ನ ಗೋದಾಮಿನಲ್ಲಿ ಆಗಬಾರದು. ಅದಕ್ಕೆ ನಿಜವಾದ ಸ್ಪೀಡ್‌ಗಿಂತ ಸ್ವಲ್ಪ ಕಮ್ಮಿ ಮಿತಿ ಹಾಕಬೇಕು, ಸಾಮಾನ್ಯವಾಗಿ ನೂರಕ್ಕೆ 80ರಿಂದ 90. ಫೈಬರ್‌ಗೆ ಇದು ಸುಲಭ, ಅದರ ಸ್ಪೀಡ್ ಅಲ್ಲಾಡುವುದಿಲ್ಲ. ಮೊಬೈಲ್‌ನಲ್ಲಿ ಬೆಳಿಗ್ಗೆ 14 ಇದ್ದ ಅಪ್‌ಲೋಡ್ ರಾತ್ರಿ ಎಲ್ಲರೂ ಊಟ ಮಾಡಿ ಫೋನ್ ಹಿಡಿಯುವ ಹೊತ್ತಿಗೆ 5ಕ್ಕೆ ಬರುತ್ತದೆ. 12 ಅಂತ ಮಿತಿ ಹಾಕಿದರೆ ರಾತ್ರಿ ಕೆಲಸ ಮಾಡುವುದಿಲ್ಲ, 4 ಅಂತ ಹಾಕಿದರೆ ಹಗಲಿಡೀ ನಷ್ಟ. ಇದಕ್ಕೂ ಒಬ್ಬರು ಪುಣ್ಯಾತ್ಮರು ಕೇಕ್-ಆಟೋರೇಟ್ ಅಂತ ಒಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದು ಎಲ್ಲರಿಗೂ ಬಿಟ್ಟಿದ್ದಾರೆ. ಅದು ಪಿಂಗ್ ನೋಡುತ್ತಾ ಕೂರುತ್ತದೆ, ತಡ ಹೆಚ್ಚಿದ ಕೂಡಲೇ ಮಿತಿ ಇಳಿಸುತ್ತದೆ, ದಾರಿ ಖಾಲಿ ಆದರೆ ಏರಿಸುತ್ತದೆ. ಕನಿಷ್ಠ 3, ಮಾಮೂಲಿ 6, ಗರಿಷ್ಠ 14 ಅಂತ ಕೊಟ್ಟಿದ್ದೇನೆ. ಕಪ್ಪು ಸ್ಕ್ರೀನಿನಲ್ಲಿ ಕಮಾಂಡ್ ಬರೆಯಲು ಅಂಜುವವರಿಗೆ ಇದು ಸ್ವಲ್ಪ ತಲೆನೋವು, ಸುಳ್ಳು ಹೇಳುವುದಿಲ್ಲ. ಅಷ್ಟು ಬೇಡ ಅಂದರೆ ರಾತ್ರಿಯ ಸ್ಪೀಡ್ ನೋಡಿ ಒಂದೇ ಮಿತಿ ಹಾಕಿ ಬಿಡಿ, ಅದೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ.

ಈಗ ಬ್ಯಾಕಪ್ ನಡೆಯುತ್ತಿದ್ದರೂ ಪಿಂಗ್ 70, 80ರಲ್ಲಿ ನಿಲ್ಲುತ್ತದೆ. ವೈನಿಗೆ ಈ ಪಿಂಗು ಗಿಂಗು ಏನೂ ಬೇಡ. "ಈಗ ಚಿಕ್ಕಿ ಪರಾಸ್ ದಡಿ ಅವರಿಗೆ ಅಲ್ಲೇ ಕಾಣಸ್ತದ, ಫೋಟೋ ಕಳಸ್ರಿ ಅಂತ ಕೇಳೋದೇ ಬಿಟ್ಟಾರ" ಅಂದರು. ಚಿಕ್ಕಿ ಪರಾಸ್ ಅನ್ನುವುದು ಸೀರೆ ಅಂಚಿನ ಒಂದು ವಿನ್ಯಾಸ. ನನ್ನ ಮಟ್ಟಿಗೆ ಅದೇ ಸ್ಪೀಡ್ ಟೆಸ್ಟ್.

ಸ್ಪೀಡ್ ಟೆಸ್ಟ್ ಅಂದಕೂಡಲೇ ಇನ್ನೊಂದು ಮಾತು. ಆ ಆ್ಯಪ್‌ಗಳು ಒಂದೇ ಸಲಕ್ಕೆ ಹಲವು ಸಂಪರ್ಕ ತೆರೆದು ಪೈಪ್ ತುಂಬಿಸಿ ದೊಡ್ಡ ಸಂಖ್ಯೆ ತೋರಿಸುತ್ತವೆ. ನೀವು ಒಂದು ಫೈಲ್ ಇಳಿಸಿಕೊಳ್ಳುವಾಗ ಒಂದೇ ಸಂಪರ್ಕ ಇರುತ್ತದೆ, ಅದಕ್ಕೆ ಅಷ್ಟು ಬರದೇ ಇರಬಹುದು. ಆ ದೊಡ್ಡ ಸಂಖ್ಯೆ ಬಿಡಿ. ಊಕ್ಲಾ ಸ್ಪೀಡ್‌ಟೆಸ್ಟ್‌ನಲ್ಲೂ ಫಾಸ್ಟ್ ಡಾಟ್ ಕಾಮ್‌ನಲ್ಲೂ ಈಗ ಡೇಟಾ ಓಡುತ್ತಿರುವಾಗಿನ ಪಿಂಗ್ ಬೇರೆಯಾಗಿ ತೋರಿಸುತ್ತಾರೆ. ಖಾಲಿ ಇದ್ದಾಗಿನ ಪಿಂಗ್‌ಗೂ ಇದಕ್ಕೂ ಹತ್ತಿಪ್ಪತ್ತು ಪಟ್ಟು ವ್ಯತ್ಯಾಸ ಇದ್ದರೆ ನಿಮ್ಮ ತೊಂದರೆ ಟವರ್‌ನದ್ದಲ್ಲ, ಸಾಲಿನದ್ದು. ಡಬ್ಬಿ ಬದಲಿಸಿ ಪ್ರಯೋಜನವಿಲ್ಲ. ಪ್ಲೇಸ್ಟೋರ್‌ನಲ್ಲಿ ಸಿಗುವ "ನೆಟ್ ಬೂಸ್ಟರ್" ಆ್ಯಪ್‌ಗಳಂತೂ ಬೇಡವೇ ಬೇಡ. ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೆ ಪೇಜ್ ಶುರುವಾಗುವುದು ಕೂದಲೆಳೆ ಬೇಗ ಆಗಬಹುದು, ಸ್ಪೀಡ್ ಏರುವುದಿಲ್ಲ.

ಅಂಗಡಿಯಲ್ಲಿ ಒಬ್ಬರು ಡಬ್ಬಿ ಬದಲು ಸಿಗ್ನಲ್ ಬೂಸ್ಟರ್ ಹಾಕಿಸಿಕೊಳ್ಳಿ, ಎಲ್ಲಾ ಫೋನಿಗೂ ಕಡ್ಡಿ ತುಂಬುತ್ತದೆ ಅಂದರು. ಹುಷಾರು. ಮೊಬೈಲ್ ಸಿಗ್ನಲ್ ರಿಪೀಟರ್‌ಗಳನ್ನು ಅನುಮತಿ ಇಲ್ಲದೆ ಖಾಸಗಿಯವರು ಹಾಕುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ, ದೂರಸಂಪರ್ಕ ಇಲಾಖೆಯವರು ಬಂದು ಕಿತ್ತುಕೊಂಡು ಹೋಗುತ್ತಾರೆ. ಕಾನೂನು ಒಂದು ಕಡೆ ಇರಲಿ, ಅದು ಸಿಗ್ನಲ್ ಜೊತೆ ಗದ್ದಲವನ್ನೂ ದೊಡ್ಡದು ಮಾಡಿ ಟವರ್ ಕಡೆ ಎರಚುತ್ತದೆ. ನಿಮ್ಮ ಕಡ್ಡಿ ತುಂಬುತ್ತದೆ, ಓಣಿಯವರೆಲ್ಲರ ಅಪ್‌ಲೋಡ್ ಕೆಡುತ್ತದೆ. ಸಿಮ್ ಹಾಕುವ ರೌಟರ್ ಬೇರೆ, ಅದು ಫೋನ್ ಇದ್ದ ಹಾಗೆ ಟವರ್ ಹೇಳಿದಷ್ಟೇ ಶಕ್ತಿಯಲ್ಲಿ ಮಾತಾಡುತ್ತದೆ.

ಉಳಿದ ಅರ್ಧ ಸ್ಟಾರ್ ಕಳೆದದ್ದು ಬಿಸಿಲಿಗೆ ಮತ್ತು ಅಡಾಪ್ಟರ್‌ಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ಅಂದರೆ ಮಾಮೂಲಿ. ಮಧ್ಯಾಹ್ನ ಎರಡರ ಹೊತ್ತಿಗೆ ಡಬ್ಬಿ ತಾನಾಗಿ ಬಂದ್ ಆಗಿ ಮತ್ತೆ ಶುರುವಾಗುತ್ತಿತ್ತು. ಮೇಲೆ ಒಂದು ತಗಡಿನ ತುಂಡು ನೆರಳಿಗೆ ಕಟ್ಟಿದ ಮೇಲೆ ನಿಂತಿತು. ತಗಡು ಮೇಲೆ ಮತ್ತು ಹಿಂದೆ ಮಾತ್ರ ಇರಲಿ, ಮುಂದೆ ಬಂದರೆ ಸಿಗ್ನಲ್ ಸತ್ತಂತೆ. ಮಳೆ ಬಂದರೆ ನೆಟ್ ಹೋಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಡಿಶ್ ಟಿವಿ ಓಡುವ ಅಲೆಗಳಿಗೆ ಮಳೆ ಅಡ್ಡ ಬರುತ್ತದೆ, 1800 ಮೆಗಾಹರ್ಟ್ಜ್‌ಗೆ ಮಳೆ ಲೆಕ್ಕಕ್ಕಿಲ್ಲ. ಮಳೆಯಲ್ಲಿ ನೆಟ್ ಹೋದರೆ ಟವರ್‌ನ ಕರೆಂಟು ಹೋಗಿರುತ್ತದೆ, ಇಲ್ಲವೇ ಕೇಬಲ್ ಜಾಯಿಂಟಿಗೆ ನೀರು ಇಳಿದಿರುತ್ತದೆ. ಎದುರು ದೊಡ್ಡ ಬೇವಿನ ಮರ ಇದ್ದರೆ ಮಾತ್ರ ಒದ್ದೆ ಎಲೆ ಸ್ವಲ್ಪ ತಿನ್ನುತ್ತದೆ.

ಅಡಾಪ್ಟರ್ ಆರು ತಿಂಗಳೊಳಗೆ ಸುಟ್ಟಿತು. ಮಾರಿದವರು ವಾರಂಟಿ ಡಬ್ಬಿಗೆ ಮಾತ್ರ, ಅಡಾಪ್ಟರ್‌ಗೆ ಇಲ್ಲ ಅಂದರು, ಬಿಲ್‌ನಲ್ಲಿ ಹಾಗೇನೂ ಬರೆದಿಲ್ಲ. ಬೇರೆ ಕೊಳ್ಳುವಾಗ ನೋಡಿಕೊಳ್ಳಿ, ಕೇಬಲ್‌ನಲ್ಲಿ ಕರೆಂಟು ಕಳಿಸುವ ಇಂಜೆಕ್ಟರ್‌ಗಳಲ್ಲಿ 24 ವೋಲ್ಟಿನದು ಬೇರೆ, 48 ವೋಲ್ಟಿನದು ಬೇರೆ. ಪ್ಲಗ್ ಎರಡಕ್ಕೂ ಕೂರುತ್ತದೆ ಅಂತ ಹಾಕಿಬಿಟ್ಟರೆ ಡಬ್ಬಿಯ ಕತೆ ಮುಗಿಯುತ್ತದೆ. ಕಂಬಕ್ಕೆ ಅರ್ಥಿಂಗ್ ಮಾಡಿಸಿ, ಸಿಡಿಲು ಬಡಿದಾಗ ಕೇಬಲ್ ಹಿಡಿದು ಮನೆಯೊಳಗೇ ಬರುತ್ತದೆ. ಇನ್ವರ್ಟರ್ ಲೈನಿಗೆ ಕೊಟ್ಟರೆ ಕರೆಂಟು ಹೋದಾಗಲೂ ಓಡುತ್ತದೆ, ಟವರ್‌ನ ಬ್ಯಾಟರಿ ಇರುವವರೆಗೆ.

ಸಿಸಿ ಕ್ಯಾಮೆರಾ ಇರುವವರಿಗೆ ಒಂದು ಮಾತು. ಮೊಬೈಲ್ ಸಿಮ್‌ನಲ್ಲಿ ಸಾವಿರಾರು ಜನರಿಗೆ ಒಂದೇ ಐಪಿ ವಿಳಾಸ ಹಂಚಿರುತ್ತಾರೆ. ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ರೌಟರ್‌ನಲ್ಲಿ ಹೊರಗಿನವರಿಗೆ ಬಾಗಿಲು ತೆರೆದಿಟ್ಟು, ಹೊರಗಿನಿಂದ ನೋಡುತ್ತೇನೆ ಅಂದರೆ ಆಗುವುದಿಲ್ಲ. ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕವೇ ನೋಡಬೇಕು. ನೋಡುತ್ತಿರುವಷ್ಟು ಹೊತ್ತೂ ಅದು ಅಪ್‌ಲೋಡ್ ತಿನ್ನುತ್ತದೆ, ಡೇಟಾ ಕೂಡ. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿ ಮನೆಯವರಿಗೆಲ್ಲ ಹಂಚಿದರೆ ಮಧ್ಯಾಹ್ನದೊಳಗೆ ಮುಗಿದು 64 ಕೆಬಿಪಿಎಸ್‌ಗೆ ಬಂದು ಕೂರುತ್ತದೆ. ಆಮೇಲೆ ಕೇಕ್ ಇದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ.

5ಜಿ ಡಬ್ಬಿ ಯಾಕೆ ತಗೋಲಿಲ್ಲ ಅಂದರೆ ನಮ್ಮ ಓಣಿಯಲ್ಲಿ 5ಜಿ ಬಂದು ಹೋಗುವ ನೆಂಟ. ದೊಡ್ಡ ರಸ್ತೆಯಲ್ಲಿ ಚೆನ್ನಾಗಿದೆ. ಅದರ ಮುಖ್ಯ ಪಟ್ಟಿ 3300 ಮೆಗಾಹರ್ಟ್ಜ್‌ನಲ್ಲಿದೆ, ಕಲ್ಲು ಗೋಡೆಗೆ ಇನ್ನೂ ಹೆಚ್ಚು ಹೆದರುತ್ತದೆ. ಮಾಳಿಗೆ ಮೇಲೆ ಸ್ಥಿರವಾಗಿ ಸಿಗುವ ಜಾಗ ನಿಮ್ಮದಾದರೆ ಕಂಪನಿಗಳೇ ಕೊಡುವ ಏರ್‌ಫೈಬರ್ (5ಜಿ ಮೇಲೆ ಓಡುವ ಮನೆ ಇಂಟರ್ನೆಟ್) ಒಮ್ಮೆ ವಿಚಾರಿಸಿ. ಆದರೆ ಅವರು ಕೊಡುವ ಡಬ್ಬಿಯ ಹಿಂದೆಯೂ ಈ ಸಾಲಿನ ಟೆಸ್ಟ್ ಮಾಡಿ ನೋಡಿ.

ಕೊಳ್ಳುವ ಮೊದಲು ಯಾವ ಸಿಮ್ ಹಾಕಬೇಕು ಅಂದುಕೊಂಡಿದ್ದೀರೋ ಅದನ್ನು ಫೋನಿಗೆ ಹಾಕಿ ಮಾಳಿಗೆ ಹತ್ತಿ. ಸಿಗ್ನಲ್ ತೋರಿಸುವ ಆ್ಯಪ್ ತೆರೆದು ಬ್ಯಾಂಡ್ ಸಂಖ್ಯೆ, ಆರ್‌ಎಸ್‌ಆರ್‌ಪಿ ಎರಡೂ ಬರೆದುಕೊಳ್ಳಿ, ರಾತ್ರಿ ಒಂಬತ್ತಕ್ಕೆ ಮತ್ತೊಮ್ಮೆ ಹತ್ತಿ ಅಪ್‌ಲೋಡ್ ನೋಡಿ. ಮಾಳಿಗೆ ಮೇಲೂ ಮೈನಸ್ 115 ಇದ್ದರೆ ಈ ಡಬ್ಬಿ ಸಾಲದು, ಎರಡು ಹೊರ ಆಂಟೆನಾ ಸಿಕ್ಕಿಸಲು ಸ್ಕ್ರೂ ಪಾಯಿಂಟ್ ಇರುವ ಮಾಡೆಲ್ ಹುಡುಕಿ. ಕೆಳಗೆ ಒಂದು ಕಡ್ಡಿ, ಮೇಲೆ ಮೈನಸ್ 95 ಅಂದರೆ ಧೈರ್ಯವಾಗಿ ತಗೊಳ್ಳಿ. ಅಂಗಡಿಯವರ ಹತ್ತಿರ ಬಿಲ್‌ನಲ್ಲಿ "ಅಡಾಪ್ಟರ್ ಸಹಿತ ವಾರಂಟಿ" ಅಂತ ಪೆನ್ನಿನಲ್ಲಾದರೂ ಬರೆಸಿಕೊಳ್ಳಿ.